ಮರ್ವ್‌ನ ಸರದಿ

ನನ್ನ ಗಂಡನ ಮುಖವನ್ನು ಬಿಯರ್ ಡಬ್ಬಿಯ ಮೇಲೆ ಅಚ್ಚು ಹಾಕಿ ಮಾರುತ್ತಿದ್ದಾರೆ ಎಂಬ ಸಂಗತಿ ಕಲ್ಲಾಬಿನ್ ಊರಿಗೆಲ್ಲ ಗೊತ್ತಿತ್ತು, ನನಗೊಬ್ಬಳಿಗೆ ಗೊತ್ತಿರಲಿಲ್ಲ. ಬೇಕರಿಯ ಹುಡುಗಿಗೆ ಗೊತ್ತಿತ್ತು, ಪೋಸ್ಟಾಫೀಸಿನವನಿಗೆ ಗೊತ್ತಿತ್ತು, ಚರ್ಚಿನಲ್ಲಿ ನನ್ನ ಪಕ್ಕದಲ್ಲೇ ಕೂತು ಹಾಡುವ ಡಲ್ಸಿಗೂ ಗೊತ್ತಿತ್ತು. ಒಬ್ಬರಾದರೂ ಬಾಯಿ ಬಿಟ್ಟರೆ ಕೇಳಿ. ಮೂರು ವರ್ಷದ ಹಿಂದೆ ಮರ್ವ್ ತೀರಿಕೊಂಡಾಗ ಇದೇ ಜನ ಸಾಲಾಗಿ ಬಂದು ಕೈ ಹಿಡಿದು, "ದೇವರಂಥ ಮನುಷ್ಯ ನೋಲಾ" ಎಂದು ಹೇಳಿ, ಅಡುಗೆಮನೆಯ ಮೇಜಿನ ಮೇಲೆ ಮಾಂಸದ ಪೈ ಇಟ್ಟು ಹೋಗಿದ್ದರು.

ಆ ಶನಿವಾರ ಮಧ್ಯಾಹ್ನ ಮಗ ಗ್ಲೆನ್ ತನ್ನ ಪಿಕಪ್ ತಂದು ಗೇಟಿನ ಮುಂದೆ ನಿಲ್ಲಿಸಿ ಹಾರ್ನ್ ಹೊಡೆದ. ಒಳಗೆ ಬಂದು ಕರೆಯುವ ಅಭ್ಯಾಸ ಅವನಿಗಿಲ್ಲ.

"ಅಮ್ಮ, ಕೋಟ್ ಹಾಕ್ಕೊಂಡು ಬಾ. ಬಟರ್ ಫ್ಯಾಕ್ಟರಿಗೆ ಹೋಗೋಣ. ನಿಂಗೊಂದು ತೋರಿಸ್ಬೇಕು."

"ಆ ಫ್ಯಾಕ್ಟರಿ ಮುಚ್ಚಿ ಯಾವ ಕಾಲ ಆಯ್ತು."

"ಗೊತ್ತಿದ್ದೂ ಗೊತ್ತಿಲ್ಲದ ಹಾಗೆ ಆಡ್ಬೇಡ. ಈಗ ಅಲ್ಲಿ ಬಿಯರ್ ಮಾಡ್ತಾರೆ. ಊರೆಲ್ಲ ಹೋಗಿ ಬಂತು, ನೀನೊಬ್ಬಳೇ ಬಾಕಿ. ನಾಲ್ಕು ಗಂಟೆಗೆ ಪಿಪ್ಪಾನ ನೆಟ್‌ಬಾಲಿಂದ ಕರ್ಕೊಂಡು ಬರ್ಬೇಕು, ಅಷ್ಟರೊಳಗೆ ಎದ್ದು ಬಂದ್ಬಿಡೋಣ. ರೇಲೀನ್ ಡ್ಯೂಟಿಲಿದಾಳೆ."

ರೇಲೀನ್ ನನ್ನ ಸೊಸೆ, ಆಸ್ಪತ್ರೆಯಲ್ಲಿ ನರ್ಸ್. ಪಿಪ್ಪಾ ಅವರಿಬ್ಬರ ಒಬ್ಬಳೇ ಮಗಳು, ಹತ್ತು ವರ್ಷ. ಗ್ಲೆನ್ "ಅಷ್ಟರೊಳಗೆ ಎದ್ದು ಬಂದ್ಬಿಡೋಣ" ಅಂದರೆ ನಂಬುವವಳು ನಾನಲ್ಲ. ಬಿಯರ್ ಗ್ಲಾಸಿನ ಮುಂದೆ ಕೂತ ಮೇಲೆ ನನ್ನ ಮಗನಿಗೆ ಗಡಿಯಾರ ಕಾಣುವುದಿಲ್ಲ. ಹಿಂದಿನ ವರ್ಷ ಪೊಲೀಸರು ದಾರಿಯಲ್ಲಿ ನಿಲ್ಲಿಸಿ ಊದಿಸಿ ಲೈಸೆನ್ಸ್ ಕಿತ್ತುಕೊಂಡಿದ್ದರು. ಅದು ವಾಪಸು ಬಂದು ಇನ್ನೂ ಹೆಚ್ಚು ದಿನ ಆಗಿರಲಿಲ್ಲ. ರೇಲೀನ್ ಒಮ್ಮೆ ನನ್ನ ಹಿತ್ತಿಲಲ್ಲಿ ಬಟ್ಟೆ ಒಣಹಾಕುತ್ತ, "ಅತ್ತೆ, ಇನ್ನೊಂದು ಸಲ ಹೀಗಾದ್ರೆ ನಾನು ಪಿಪ್ಪಾನ ಕರ್ಕೊಂಡು ಹೊರಟೆ" ಅಂದಿದ್ದಳು. ಹೆದರಿಸುವುದಕ್ಕೆ ಹೇಳಿದ ಮಾತಾಗಿರಲಿಲ್ಲ ಅದು. ನಾನು ಜೊತೆಗಿದ್ದರೆ ಹೊತ್ತಿಗೆ ಸರಿಯಾಗಿ ಎಬ್ಬಿಸಿಕೊಂಡು ಬರಬಹುದು ಎಂದು ಕೋಟು ಹಾಕಿಕೊಂಡು ಹೊರಟೆ.

ಬಟರ್ ಫ್ಯಾಕ್ಟರಿಯಲ್ಲಿ ಮರ್ವ್ ಹಾಲಿನ ಲಾರಿ ಓಡಿಸುತ್ತಿದ್ದ, ನಾನು ಬೆಣ್ಣೆಗೆ ಕಾಗದ ಸುತ್ತುತ್ತಿದ್ದೆ. ಅಲ್ಲೇ ನಮ್ಮ ಪರಿಚಯ ಆದದ್ದು. ಅದು ಮುಚ್ಚಿದ ಮೇಲೆ ಪಾರಿವಾಳಗಳು ಸೇರಿಕೊಂಡವು. ಆಮೇಲೆ ಮೆಲ್ಬರ್ನ್‌ನಿಂದ ಇಮೊಜೆನ್ ಎಂಬ ಹುಡುಗಿ ಗಂಡನನ್ನು ಕಟ್ಟಿಕೊಂಡು ಬಂದು, ಕಟ್ಟಡ ಕೊಂಡು, ಬೆಣ್ಣೆ ಕಡೆಯುವ ಪೀಪಾಯಿಗಳಿದ್ದ ಜಾಗದಲ್ಲಿ ಸ್ಟೀಲಿನ ದೊಡ್ಡ ದೊಡ್ಡ ಟ್ಯಾಂಕುಗಳನ್ನು ನಿಲ್ಲಿಸಿದಳು. ಗೋಡೆಗೆ ಸುಣ್ಣ ಕಾಣಿಸಲಿಲ್ಲ. ಗಾರೆ ಕಿತ್ತು ಬಂದ ಗೋಡೆಯೇ ಚೆಂದವಂತೆ. ಹಾಗಾದರೆ ನನ್ನ ಬಚ್ಚಲುಮನೆಗೂ ಟಿಕೆಟ್ ಇಡಬಹುದು.

ಒಳಗೆ ಕೌಂಟರಿಗೆ ಒರಗಿಕೊಂಡು ಕ್ಲೈವ್ ನಿಂತಿದ್ದ. ಮರ್ವ್ ಜೊತೆ ಹಾಲಿನ ಲಾರಿಯಲ್ಲಿ ದುಡಿದವನು, ನನ್ನದೇ ವಯಸ್ಸು, ಬಾಯಿ ಮಾತ್ರ ಇನ್ನೂ ಹದಿನೆಂಟರದು. ಅವನ ಪಕ್ಕದಲ್ಲಿ ಗ್ಲೆನ್‌ನ ಗೆಳೆಯ ಶೇನ್, ಬೇಲಿ ಹಾಕುವ ಕೆಲಸದವನು. ಗ್ಲೆನ್ ಒಳಗೆ ಕಾಲಿಡುತ್ತಿದ್ದ ಹಾಗೆಯೇ ಜೇಬಿಗೆ ಕೈ ಹಾಕಿದ.

"ಮೊದಲ ರೌಂಡ್ ನಂದು. ಯಾರೂ ಕೈ ಹಾಕ್ಬಾರ್ದು."

"ನೀನು ಕೈ ಹಾಕೋಕೆ ಬಿಟ್ರೆ ತಾನೇ" ಎಂದ ಶೇನ್.

ನನಗೆ ದೊಡ್ಡ ಗ್ಲಾಸು ಬೇಡವೆಂದೆ. ಆಗ ಇಮೊಜೆನ್ ತಾನೇ ಬಂದು ಮೊಳ ಉದ್ದದ ಒಂದು ಮರದ ಹಲಗೆ ತಂದಿಟ್ಟಳು. ಅದರಲ್ಲಿ ನಾಲ್ಕು ತೂತು, ನಾಲ್ಕರಲ್ಲೂ ಪುಟ್ಟ ಪುಟ್ಟ ಗ್ಲಾಸು. "ಎಡಗಡೆಯಿಂದ ಶುರು ಮಾಡಿ ಮಿಸೆಸ್ ಟ್ರಾಂಟರ್. ಕೊನೇದು ನಿಮಗೆ ಸರ್ಪ್ರೈಸ್" ಅಂದಳು. ಒಳ್ಳೆಯ ಹುಡುಗಿಯೇ, ಹಲ್ಲು ಚೆನ್ನಾಗಿವೆ. ಆ ನಗು ಮಾತ್ರ ನನಗೆ ಸರಿಬರಲಿಲ್ಲ. ಹುಟ್ಟುಹಬ್ಬದ ಕೇಕು ಬಚ್ಚಿಟ್ಟವರು ಹಾಗೆ ನಗುತ್ತಾರೆ.

ಮೊದಲನೆಯದು ತಿಳಿ ಹಳದಿ, ಒದ್ದೆ ಹುಲ್ಲಿನ ವಾಸನೆ. ಬಿಸಿಲಲ್ಲಿ ಕೆಲಸ ಮಾಡಿ ಬಂದವರು ಕುಡಿಯಬಹುದು, ತಕರಾರಿಲ್ಲ. ಎರಡನೆಯದು ಕಹಿ ಅಂದರೆ ಕಹಿ, ಕಿತ್ತಳೆ ಸಿಪ್ಪೆಯನ್ನು ಹಲ್ಲಿನಲ್ಲಿ ಜಗಿದ ಹಾಗೆ. "ಇದು ಜನಕ್ಕೆ ಇಷ್ಟ ಆಗುತ್ತಾ?" ಎಂದು ಕೇಳಿದೆ. "ತುಂಬಾ" ಎಂದಳು ಇಮೊಜೆನ್. ಜನಕ್ಕೆ ಏನು ಬೇಕಾದರೂ ಇಷ್ಟವಾಗುತ್ತದೆ ಬಿಡಿ. ಮೂರನೆಯದು ಕಪ್ಪಗೆ, ಸುಟ್ಟ ಟೋಸ್ಟಿನ ರುಚಿ, ಹಿಂದಿನಿಂದ ಚೂರು ಕಾಫಿ. ಸುಳ್ಳು ಯಾಕೆ ಹೇಳಲಿ, ಅದು ನನಗೆ ಹಿಡಿಸಿತು. ಚಳಿಗಾಲದ ಸಂಜೆ ಕುರಿ ಮಾಂಸದ ಸಾರಿನ ಜೊತೆ ಕುಡಿದರೆ ಚೆನ್ನ ಎಂದು ಅವಳಿಗೂ ಹೇಳಿದೆ.

ನಾಲ್ಕನೆಯ ಗ್ಲಾಸನ್ನು ಮೂಗಿನ ಹತ್ತಿರ ತಂದೆ. ಹುಳಿ ವಾಸನೆ. ವಾರಗಟ್ಟಲೆ ನಿಂತ ಮಜ್ಜಿಗೆಯ ಹುಳಿ. ಗ್ಲಾಸನ್ನು ತಟ್ಟನೆ ದೂರ ಹಿಡಿದೆ, ಎರಡು ಹನಿ ಕೋಟಿನ ಮೇಲೆ ಚೆಲ್ಲಿದವು. ಆ ವಾಸನೆ ನನಗೆ ಗೊತ್ತು. ಒಂದು ಶುಕ್ರವಾರ ಸಂಜೆ ನಮ್ಮ ಮನೆಯ ಹಿಂಬಾಗಿಲಲ್ಲಿ ಬಂದಿದ್ದ ವಾಸನೆ ಅದು, ಇಷ್ಟು ವರ್ಷ ಕಳೆದರೂ ಮರೆತಿಲ್ಲ.

"ಈ ಬಿಯರ್ ಹುಳಿಯಾಗೇ ಇರ್ಬೇಕು, ಕೆಟ್ಟಿಲ್ಲ" ಎಂದು ಇಮೊಜೆನ್ ನಕ್ಕಳು. "ಹೆಸರು ನೋಡಿ."

ಡಬ್ಬಿಯನ್ನು ನನ್ನ ಮುಂದೆ ತಿರುಗಿಸಿ ಇಟ್ಟಳು.

ಅದರ ಮೇಲೆ ಮರ್ವ್ ಇದ್ದ. ಬಲಗಡೆ ಅಂಚು ಮೇಲೆದ್ದ ಅವನ ಟೊಪ್ಪಿ, ಅವನ ಉದ್ದ ಮೂಗು, ಅವನ ಕಿವಿ. ಎರಡೂ ಕೈ ಜೇಬಿನಲ್ಲಿ ಮೊಣಕೈವರೆಗೆ ಹೂತುಹೋಗಿದ್ದವು. ಜೇಬಿನ ಬಾಯಿಗೆ ಜೇಡರ ಬಲೆ ಕಟ್ಟಿತ್ತು. ಮೇಲೆ ದಪ್ಪ ಅಕ್ಷರದಲ್ಲಿ 'ಜಿಪುಣ ಮರ್ವ್' ಎಂದಿತ್ತು. ಕೆಳಗೆ ಸಣ್ಣದಾಗಿ, 'ಇವನ ಸರದಿ ಇನ್ನೂ ಬಂದಿಲ್ಲ.'

ನನ್ನ ಮೈಯೆಲ್ಲ ಉರಿದುಹೋಯಿತು. ಆ ಮೂವರೂ ನನ್ನ ಮುಖವನ್ನೇ ನೋಡುತ್ತಿದ್ದರು, ನಾನು ನಗಲಿ ಎಂದು. ನನ್ನ ಮಗನೂ.

"ಚೆನ್ನಾಗಿದೆ ಅಲ್ವಾಮ್ಮ?" ಎಂದ ಗ್ಲೆನ್. "ಥೇಟ್ ಅಪ್ಪನೇ."

"ಟೊಪ್ಪಿ ಫೋಟೋ ಕೊಟ್ಟಿದ್ದು ನಾನು" ಎಂದ ಕ್ಲೈವ್. ಹೆಮ್ಮೆ ಬೇರೆ. "ಮರ್ವ್ ಕಥೆ ಹೇಳ್ತಾ ಹೋದ್ರೆ ಈ ಹುಡುಗಿ ನಕ್ಕು ನಕ್ಕು ಸುಸ್ತಾದ್ಲು. ಅವನು ಪರ್ಸ್ ತೆರೆದ್ರೆ ನೋಟಿನ ಮೇಲಿರೋ ರಾಣಿ ಬೆಳಕು ತಡೀಲಾರದೆ ಕಣ್ಣು ಮುಚ್ಕೋತಿದ್ಲು ಅಂದೆ."

"ಇದನ್ನ ಹಾಕೋಕೆ ನಿಮಗೆ ಯಾರು ಹೇಳಿದ್ದು?" ಎಂದು ನಾನು ಇಮೊಜೆನ್‌ಳನ್ನು ಕೇಳಿದೆ.

ಅವಳ ನಗು ಸ್ವಲ್ಪ ಇಳಿಯಿತು. "ಗ್ಲೆನ್ ಪರವಾಗಿಲ್ಲ ಅಂದ್ರು. ಮನೆಯವರನ್ನ ಕೇಳದೆ ನಾವು ಮಾಡಲ್ಲ. ಇದು ಪ್ರೀತಿಯಿಂದ ಮಾಡಿದ್ದು ಮಿಸೆಸ್ ಟ್ರಾಂಟರ್. ಊರಿನ ಕಥೆಗಳು ಉಳೀಬೇಕು ಅಂತ."

"ಊರಿನ ಕಥೆ ಉಳಿಸೋಕೆ ನನ್ನ ಗಂಡನ ಮಾನ ತೆಗೀಬೇಕಿತ್ತಾ? ನಿಮ್ಮಪ್ಪ ಇಲ್ವಾ ಮೆಲ್ಬರ್ನಲ್ಲಿ? ಅವರ ಮುಖ ಹಾಕ್ಕೊಳ್ಳಿ. ಅವರ ಜೇಬಿಗೆ ಬಲೆ ಕಟ್ಟಿ."

"ನಿಮಗೆ ಬೇಜಾರಾಗಿದ್ರೆ ಮುಂದಿನ ಸಲ ಅಚ್ಚು ಹಾಕೋವಾಗ ಖಂಡಿತ ಯೋಚನೆ ಮಾಡ್ತೀವಿ" ಅಂದಳು. ಮೆತ್ತಗೆ, ಮರ್ಯಾದೆಯಿಂದ. ಯೋಚನೆ ಮಾಡುತ್ತಾರಂತೆ. ಆ ಡಬ್ಬಿ ಇವತ್ತಿಗೂ ಅಲ್ಲಿ ಮಾರಾಟವಾಗುತ್ತಿದೆ. ಯೋಚನೆ ಇನ್ನೂ ಮುಗಿದಿಲ್ಲ ಅಂತ ಕಾಣುತ್ತದೆ.

"ಬಿಡಮ್ಮ, ತಮಾಷೆ" ಎಂದ ಗ್ಲೆನ್. "ಅಪ್ಪ ಇದ್ದಿದ್ರೆ ಅವನೇ ನಗ್ತಿದ್ದ."

ನಿಜ, ನಗುತ್ತಿದ್ದ. ನನ್ನ ಸಿಟ್ಟಿಗೆ ಅದೂ ಒಂದು ಕಾರಣ. ಬದುಕಿದ್ದಷ್ಟು ದಿನ ಈ ಊರು ಅವನನ್ನು ಆಡಿಕೊಂಡಿತು, ಅವನು ಟೊಪ್ಪಿ ಸರಿಮಾಡಿಕೊಂಡು ನಕ್ಕು ಬರುತ್ತಿದ್ದ. ಒಂದೇ ಒಂದು ದಿನ ತಿರುಗಿ ಬೈದಿದ್ದರೆ ನನ್ನ ಹೊಟ್ಟೆ ತಣ್ಣಗಾಗುತ್ತಿತ್ತು.

ನಮ್ಮ ಜನ ಯಾವ ತಪ್ಪನ್ನಾದರೂ ಕ್ಷಮಿಸುತ್ತಾರೆ. ಹೆಂಡತಿಯನ್ನು ಬಿಟ್ಟವನನ್ನು ಕ್ಷಮಿಸುತ್ತಾರೆ, ನೆರೆಯವನ ಕುರಿ ಕದ್ದವನ ಜೊತೆ ಕ್ರಿಕೆಟ್ ಆಡುತ್ತಾರೆ. ಪಬ್ಬಿನಲ್ಲಿ ತನ್ನ ಸರದಿ ತಪ್ಪಿಸಿಕೊಂಡವನನ್ನು ಮಾತ್ರ ಸತ್ತರೂ ಬಿಡುವುದಿಲ್ಲ. ನಾಲ್ಕು ಜನ ಒಟ್ಟಿಗೆ ನಿಂತರೆ ನಾಲ್ಕು ರೌಂಡು. ಒಬ್ಬೊಬ್ಬರ ಸರದಿಯಲ್ಲಿ ಒಬ್ಬೊಬ್ಬರು ಎಲ್ಲರಿಗೂ ಕೊಡಿಸಬೇಕು. ಒಬ್ಬನ ಬಿಯರ್ ಕುಡಿದು ನೀನು ಕೊಡಿಸದೆ ಎದ್ದೆಯೋ, ನೀನು ಮನುಷ್ಯನೇ ಅಲ್ಲ. ಮರ್ವ್ ಯಾರ ಬಿಯರನ್ನೂ ಪುಕ್ಕಟೆ ಕುಡಿದವನಲ್ಲ. ಕೌಂಟರಿನ ಕೊನೆಯಲ್ಲಿ ಒಬ್ಬನೇ ನಿಂತು, ತನ್ನ ದುಡ್ಡಿನಲ್ಲಿ ಒಂದು ಗ್ಲಾಸು ಕೊಂಡು, ಕುಡಿದು, ಮನೆಗೆ ಬರುತ್ತಿದ್ದ. ರೌಂಡಿಗೆ ಸೇರುತ್ತಲೇ ಇರಲಿಲ್ಲ. ಕೊಡಿಸಬೇಕಾಗುತ್ತದಲ್ಲ ಎಂದು ಸೇರುವುದಿಲ್ಲ ಅಂತ ಊರು ತೀರ್ಮಾನ ಮಾಡಿತು. ಎಂಜಲು ಕೈಯಲ್ಲಿ ಕಾಗೆ ಓಡಿಸದವನು ಎಂಬ ಹೆಸರು ಬಂತು. ಬಿರುಗಾಳಿಗೆ ಕ್ಲೈವ್‌ನ ಮನೆಯ ತಗಡು ಹಾರಿಹೋದಾಗ ಆ ಬೇಸಿಗೆಯೆಲ್ಲ ರಜೆ ದಿನ ಏಣಿ ಹೊತ್ತುಕೊಂಡು ಹೋಗಿ ಮಾಡು ಕಟ್ಟಿಕೊಟ್ಟವನು ಮರ್ವ್. ಆ ಮಾಡು ಇವತ್ತಿಗೂ ಕ್ಲೈವ್‌ನ ತಲೆಯ ಮೇಲಿದೆ. ಅದು ಲೆಕ್ಕಕ್ಕಿಲ್ಲ. ಬಿಯರ್ ಕೊಡಿಸಲಿಲ್ಲ, ಅದೊಂದೇ ಲೆಕ್ಕ.

ಇದರ ಏಟು ತಿಂದವನು ಗ್ಲೆನ್. ಶಾಲೆಯಲ್ಲಿ ಹುಡುಗರು, "ನಿಮ್ಮಪ್ಪನ ಜೇಬಲ್ಲಿ ಚೇಳಿದೆಯಾ?" ಎಂದು ಕೇಳುತ್ತಿದ್ದರು. ಅಳುತ್ತ ಮನೆಗೆ ಬರುತ್ತಿದ್ದ. ದೊಡ್ಡವನಾಗಿ ಮೊದಲ ಸಂಬಳ ಕೈಗೆ ಬಂದ ದಿನ ಪಬ್ಬಿನಲ್ಲಿದ್ದವರಿಗೆಲ್ಲ ಕೊಡಿಸಿದ. ಅವತ್ತಿನಿಂದ ಇವತ್ತಿನವರೆಗೆ ಎಲ್ಲಿ ಹೋದರೂ ಮೊದಲ ರೌಂಡು ಅವನದು, ಕೊನೆಯ ರೌಂಡೂ ಅವನದು, ನಡುವೆ ಯಾರು ಕೊಡಿಸಿದರೂ ಬೇಡ ಎನ್ನುವುದಿಲ್ಲ. ಅಪ್ಪನ ಹೆಸರು ತೊಳೆಯುವುದಕ್ಕೆ ಕುಡಿಯುತ್ತಿದ್ದಾನೆ. ತೊಳೆದದ್ದು ಸಾಲದೆ ಈಗ ಆ ಹೆಸರನ್ನೇ ಡಬ್ಬಿಯ ಮೇಲೆ ಹಾಕಲು ಹೂಂ ಅಂದು ಬಂದಿದ್ದಾನೆ.

ಹೀಗೆ ಒಳಗೊಳಗೇ ಕುದಿಯುತ್ತ ಕೂತಿದ್ದಾಗ ಶೇನ್‌ನ ರೌಂಡು ಬಂದು ಹೋಯಿತು. ಆಮೇಲೆ ಕ್ಲೈವ್‌ನದು. ಎಲ್ಲ ದೊಡ್ಡ ಗ್ಲಾಸು, ಎಲ್ಲ 'ಜಿಪುಣ ಮರ್ವ್'. ನನ್ನ ಗಂಡನ ಹೆಸರನ್ನು ಹೇಳಿ ಹೇಳಿ ಕುಡಿದರು. "ಇನ್ನೊಂದು ಜಿಪುಣ ಕೊಡಮ್ಮ." "ಜಿಪುಣ ಇವತ್ತು ತಣ್ಣಗಿದಾನೆ." ಗೋಡೆಯ ಗಡಿಯಾರ ನಾಲ್ಕರ ಹತ್ತಿರ ಬಂತು. ಮೂವರ ಗ್ಲಾಸೂ ತಳ ಕಂಡಿತು.

"ಗ್ಲೆನ್, ಏಳು. ಪಿಪ್ಪಾ ಕಾಯ್ತಿರ್ತಾಳೆ" ಎಂದೆ.

"ಒಂದೈದು ನಿಮಿಷ ಅಮ್ಮ. ಮತ್ತೆ ನನ್ನ ಸರದಿ ಬಂತು."

"ಆಗ್ಲೇ ಒಂದು ಸಲ ಕೊಡಿಸಿದೀಯ."

"ಅದು ಮೊದಲನೇ ಸುತ್ತು. ಗ್ಲಾಸ್ ಖಾಲಿ ಆದ್ಮೇಲೆ ಮತ್ತೆ ನನ್ನಿಂದಾನೇ ಅಲ್ವಾ ಶುರು."

"ನಿನ್ನ ಮಗಳು ಬೀದೀಲಿ ನಿಂತಿರ್ತಾಳೆ ಕಣೋ."

"ಅಲ್ಲಿ ಟೀಚರ್ ಇರ್ತಾರೆ. ಅವಳಿಗೇನು ಹೊಸದಲ್ಲ, ಕಾಯ್ತಾಳೆ." ಅಷ್ಟು ಹೇಳಿ ನನ್ನ ಕಡೆ ತಿರುಗಿದ. ನಾಲಿಗೆ ಆಗಲೇ ಸ್ವಲ್ಪ ದಪ್ಪವಾಗಿತ್ತು. "ಅವರು ಕೊಡಿಸಿದ್ದು ಕುಡಿದು ನನ್ನ ಸರದಿ ಬಂದಾಗ ಎದ್ದು ಓಡೋಕೆ ನಾನೇನು ಅಪ್ಪನಾ?"

ಕ್ಲೈವ್ ಹೊಟ್ಟೆ ಹಿಡಿದುಕೊಂಡು ನಕ್ಕ.

ಇನ್ನು ನನ್ನ ಕೈಯಲ್ಲಿ ತಡೆಯುವುದಕ್ಕೆ ಆಗಲಿಲ್ಲ. ಗ್ಲೆನ್‌ನ ಅಂಗಿಯ ತೋಳು ಹಿಡಿದು ಎಳೆದೆ. ನಲವತ್ತೈದು ದಾಟಿದ ಗಂಡಸು, ನನ್ನ ಎರಡರಷ್ಟು ಮೈ, ಆದರೂ ಬಂದ. ತಾಯಿ ತೋಳು ಹಿಡಿದು ಎಳೆದರೆ ಬರದೆ ಇರುವುದು ಹೇಗೆಂದು ಗಂಡು ಮಕ್ಕಳಿಗೆ ಗೊತ್ತಿರುವುದಿಲ್ಲ. ಹಿಂಬಾಗಿಲಿನಿಂದ ಅಂಗಳಕ್ಕೆ ಕರೆದುಕೊಂಡು ಹೋದೆ.

ಅಲ್ಲಿ ಬೆಂಚುಗಳು, ಕೊಡೆಗಳು, ತಂತಿಯ ಮೇಲೆ ಬಣ್ಣದ ದೀಪ. ಮೂಲೆಯಲ್ಲಿ ಮಕ್ಕಳು ಆಡಲೆಂದು ಚೌಕವಾಗಿ ಕಟ್ಟೆ ಕಟ್ಟಿ ಮರಳು ತುಂಬಿದ್ದರು. ಯಾವುದೋ ಮಗುವಿನ ಹಳದಿ ಲಾರಿ ಅದರಲ್ಲಿ ಅರ್ಧ ಹೂತು ಬಿದ್ದಿತ್ತು. ಮಕ್ಕಳು ಯಾರೂ ಇರಲಿಲ್ಲ.

"ಇಲ್ಲಿ ಮೊದಲು ಏನಿತ್ತು ಗೊತ್ತಾ ನಿಂಗೆ?" ಎಂದು ಕೇಳಿದೆ.

"ಹೊಂಡ. ಫ್ಯಾಕ್ಟರಿಯ ಹುಳಿ ಮಜ್ಜಿಗೆ ಬಿಡ್ತಿದ್ರು. ಎಲ್ಲರಿಗೂ ಗೊತ್ತು. ಯಾಕೆ?"

"ನೀನು ಇದರೊಳಗಿದ್ದೆ."

ಅವನಿಗೆ ಅರ್ಥವಾಗಲಿಲ್ಲ. ನಾನು ಹೇಳಿದೆ. ಹೇಳುವುದಿಲ್ಲ ಎಂದು ಮರ್ವ್‌ಗೆ ಮಾತು ಕೊಟ್ಟಿದ್ದೆ, ಅವನಿರುವಷ್ಟು ದಿನ ಉಳಿಸಿಕೊಂಡಿದ್ದೆ, ಅವನು ಹೋದ ಮೇಲೂ ಉಳಿಸಿಕೊಂಡಿದ್ದೆ. ಆ ಮಧ್ಯಾಹ್ನ ಮುರಿದೆ. ತಪ್ಪು ಮಾಡಿದೆ ಅಂತ ನನಗೆ ಅವತ್ತೂ ಅನ್ನಿಸಲಿಲ್ಲ, ಇವತ್ತೂ ಅನ್ನಿಸುವುದಿಲ್ಲ.

"ನಿಂಗೆ ನಾಲ್ಕು ತುಂಬಿತ್ತು. ನಾನು ನಿಮ್ಮಜ್ಜಿ ನೋಡೋಕೆ ಊರಿಗೆ ಹೋಗಿದ್ದೆ, ಸಂಜೆ ಬಸ್ಸಿಗೆ ಬರೋಳಿದ್ದೆ. ನಿಮ್ಮಪ್ಪ ನಿನ್ನ ಲಾರೀಲಿ ಕೂರಿಸ್ಕೊಂಡು ಕೆಲಸಕ್ಕೆ ಬಂದಿದ್ದ. ಕೆಲಸ ಮುಗೀತು. ಶುಕ್ರವಾರ. ಎದುರುಗಡೆ ಪಬ್ಬು. ಎಲ್ಲರೂ ಹಾಗೇ ತಾನೇ ಮಾಡ್ತಿದ್ದಿದ್ದು, ಮಗೂನ ಗಾಡೀಲಿ ಬಿಟ್ಟು, ಒಂದು ಕೆಂಪು ಲೆಮನೇಡು, ಒಂದು ಚಿಪ್ಸ್ ಪೊಟ್ಟಣ ಕೈಗೆ ಕೊಟ್ಟು, ಈಗ ಬಂದೆ ಕಂದ ಅನ್ನೋದು. ಒಂದು ಗ್ಲಾಸು ಕುಡಿದು ಬರೋಣ ಅಂತಾನೇ ಹೋಗಿದ್ದು. ಒಳಗೆ ಆರು ಜನ ಆದ್ರು. ನಿಮ್ಮಪ್ಪಂದು ಕೊನೇ ಸರದಿ."

ಗ್ಲೆನ್ ಬಾಗಿಲ ಕಡೆ ನೋಡುವುದನ್ನು ಬಿಟ್ಟ.

"ನಡುವೆ ಎದ್ದನಂತೆ, ಮಗು ಗಾಡೀಲಿದೆ ಅಂದನಂತೆ. ಎಲ್ಲರದ್ದೂ ಕುಡಿದು ಈಗ ಮಗು ನೆನಪಾಯ್ತಾ, ನಿನ್ನ ಸರದಿ ಕೊಟ್ಟು ಹೋಗು ಮಾರಾಯ ಅಂತ ತೋಳು ಹಿಡಿದು ಕೂರಿಸಿದ್ರು. ಕೂರಿಸಿದ್ದು ಯಾರು ಅಂದ್ಕೊಂಡೆ? ಒಳಗೆ ನಿಂತು ಹಲ್ಲು ಕಿಸೀತಿದಾನಲ್ಲ, ಅವನೇ, ಕ್ಲೈವು. ಕೂತ. ಅಲ್ಲಿಂದಾಚೆಗೆ ಮರೆತ. ಅದನ್ನ ಅವನೇ ಹೇಳಿದ್ದು, ಮರೆತೇಬಿಟ್ಟೆ ನೋಲಾ ಅಂತ. ಹೊರಗೆ ಬಂದಾಗ ಲಾರಿ ಬಾಗಿಲು ತೆಗೆದಿತ್ತು. ಲೆಮನೇಡ್ ಬಾಟ್ಲಿ ಸೀಟಿನ ಮೇಲಿತ್ತು. ನೀನಿರಲಿಲ್ಲ."

"ಅಮ್ಮ."

"ಕೇಳು. ಕತ್ತಲಾಗ್ತಾ ಇತ್ತು. ರಸ್ತೆಯೆಲ್ಲ ಹುಡುಕಿ, ಇಲ್ಲಿಗೆ ಬಂದ. ಎದೆ ಮಟ್ಟ ಮುಳುಗಿದ್ದೆ ನೀನು. ಗೋಡೆಯಿಂದ ಒಂದು ಕಬ್ಬಿಣದ ಕೊಳವೆ ಬಂದಿತ್ತು, ಅದನ್ನ ಎರಡೂ ಕೈಯಲ್ಲಿ ತಬ್ಬಿ ಹಿಡ್ಕೊಂಡಿದ್ದೆ. ಅಳ್ತಾನೂ ಇರಲಿಲ್ವಂತೆ. ಅತ್ತು ಅತ್ತು ನಿಂತುಹೋಗಿತ್ತೇನೋ. ನಾನು ಬಸ್ಸಿಳಿದು ಮನೆಗೆ ಬಂದಾಗ ಹಿಂಬಾಗಿಲ ಮೆಟ್ಟಿಲ ಮೇಲೆ ನಿನ್ನನ್ನ ತನ್ನ ಕೋಟಿನೊಳಗೆ ಸುತ್ಕೊಂಡು ಕೂತಿದ್ದ. ಇಬ್ಬರ ಮೈಯೂ ಆ ಹುಳಿ ವಾಸನೆ. ಇವತ್ತು ನೀವು ಗ್ಲಾಸಲ್ಲಿ ಹಾಕ್ಕೊಂಡು ಕುಡಿದ್ರಲ್ಲ, ಅದೇ."

ಗ್ಲೆನ್ ಮರಳಿನ ಕಡೆ ನೋಡಿದ. "ಎಷ್ಟು ಹೊತ್ತು ಇದ್ದೆ ಅದರಲ್ಲಿ?" ಎಂದು ಕೇಳಿದ.

"ಆರು ಜನರ ರೌಂಡಿಗೆ ಎಷ್ಟು ಹೊತ್ತು ಹಿಡಿಯುತ್ತೆ ಅಂತ ನಂಗಿಂತ ನಿಂಗೆ ಚೆನ್ನಾಗಿ ಗೊತ್ತು."

ಅವನು ಕಟ್ಟೆಯ ಮೇಲೆ ಕೂತುಬಿಟ್ಟ.

"ಅವತ್ತಿಂದ ನಿಮ್ಮಪ್ಪ ರೌಂಡಿಗೆ ಸೇರಲಿಲ್ಲ. ಸೇರಿದ್ರೆ ತಾನೇ ಸರದಿ ಬರೋದು, ಸರದಿ ಇದ್ರೆ ತಾನೇ ಕೂರಬೇಕಾಗೋದು. ಕುಡಿಯೋದೇ ಬಿಟ್ಟು ಮನೇಲಿರು ಅಂದೆ. ಇಲ್ಲ, ನಂಗೆ ನನ್ನ ಮೇಲೆ ನಂಬಿಕೆ ಬರ್ಬೇಕು, ಒಂದು ಕುಡಿದು ಎದ್ದು ಬರೋಕೆ ಆಗುತ್ತೆ ಅಂತ ದಿನಾ ನೋಡ್ಕೋಬೇಕು ಅಂದ. ಹಠ. ಆಮೇಲೆ ನೀನು ಶಾಲೆಯಿಂದ ಅಳ್ತಾ ಬರೋಕೆ ಶುರು ಮಾಡ್ದೆ, ನನ್ನಪ್ಪ ಜಿಪುಣ ಅಂತಾರೆ ಅಂತ. ನಿಜ ಹೇಳಿಬಿಡೋಣ ಮಗೂಗೆ ಅಂದೆ ನಾನು. ಅವನೇನಂದ ಗೊತ್ತಾ? ಅಪ್ಪ ಜಿಪುಣ ಅಂದ್ಕೊಂಡ್ರೆ ಅಂದ್ಕೊಳ್ಳಲಿ ನೋಲಾ, ಅಪ್ಪ ನನ್ನ ಮರೆತುಬಿಟ್ಟಿದ್ದ ಅಂತ ಮಾತ್ರ ಅವನಿಗೆ ಗೊತ್ತಾಗೋದು ಬೇಡ ಅಂದ."

ಮರ್ವ್ ಮೇಲೆ ನನಗೆ ಬಂದಿದ್ದಷ್ಟು ಸಿಟ್ಟು ಈ ಊರಿನ ಯಾರ ಮೇಲೂ ಬಂದಿರಲಿಲ್ಲ. ಮಗನಿಗೆ ನೋವಾಗಬಾರದು ಎಂದು ಒಂದು ಕೆಟ್ಟ ಹೆಸರನ್ನು ಹೊತ್ತುಕೊಂಡ. ಆ ಹೆಸರೇ ಮಗನನ್ನು ತಿನ್ನುತ್ತಿದೆ ಎಂದು ಅವನಿಗೆ ಕಾಣಲಿಲ್ಲ.

"ಅವನು ನಿನ್ನ ಮರೆತಿದ್ದು ಒಂದೇ ಒಂದು ದಿನ" ಎಂದೆ. "ಅದಕ್ಕೆ ಬದುಕಿರೋವರೆಗೂ ದಂಡ ಕಟ್ಟಿದ. ಪಿಪ್ಪಾಗೆ ಕಾಯೋದು ಹೊಸದಲ್ಲ ಅಂತ ನೀನೀಗ ಒಳಗೆ ಹೇಳಿದ್ಯಲ್ಲ, ನಾನೇನು ಅಪ್ಪನಾ ಅಂದ್ಯಲ್ಲ, ಅದನ್ನ ಈಗ ನನ್ನ ಮುಖ ನೋಡಿ ಇನ್ನೊಂದು ಸಲ ಹೇಳು."

ಅವನು ಎರಡು ಕೈಯಲ್ಲೂ ಮುಖ ಉಜ್ಜಿಕೊಂಡ. ಎದ್ದ. ಮರಳಿನಲ್ಲಿ ಹೂತಿದ್ದ ಹಳದಿ ಲಾರಿಯನ್ನು ಎತ್ತಿ ಕೊಡವಿ ಕಟ್ಟೆಯ ಮೇಲಿಟ್ಟ. ನನ್ನ ಮುಂದೆಯೇ ಒಳಗೆ ನಡೆದ.

ಅವನ ಗಾಡಿಯ ಕೀಲಿ ಕೌಂಟರಿನ ಮೇಲಿತ್ತು. ಅದರ ಪಕ್ಕ ಖಾಲಿ ಗ್ಲಾಸು ಮೂರೂ ಸಾಲಾಗಿ ನಿಂತಿದ್ದವು. ಕ್ಲೈವ್ ಬೆರಳಿನಲ್ಲಿ ತನ್ನ ಗ್ಲಾಸನ್ನು ಟಣ್ ಎನ್ನಿಸಿದ.

"ಬಂದ್ಯಾ? ಅಮ್ಮ ಕಿವಿ ಹಿಂಡಿದ್ಲಾ? ನಾಲಿಗೆ ಒಣಗ್ತಾ ಇದೆ ಕಣೋ, ನಿನ್ನ ಸರದಿ."

ಗ್ಲೆನ್ ಕೀಲಿ ತೆಗೆದುಕೊಂಡು ನನ್ನ ಕೈಗೆ ಕೊಟ್ಟ. "ನೀನು ಓಡಿಸಮ್ಮ. ನಾನು ಕುಡಿದಿದೀನಿ."

"ಏ, ಹೊರಟ್ಯಾ?" ಎಂದ ಶೇನ್.

"ಮಗಳನ್ನ ಕರ್ಕೊಂಡು ಬರ್ಬೇಕು."

"ಐದು ನಿಮಿಷ ಮಾರಾಯ. ಕೊಡ್ಸಿ ಹೋಗು."

ಗ್ಲೆನ್ ಬಾಗಿಲ ಕಡೆ ನಡೆದ. ಕಿವಿ ಕೆಂಪಾಗಿದ್ದವು. ನನಗೆ ಗೊತ್ತು ಅವನಿಗೆ ಅದೆಷ್ಟು ಕಷ್ಟವಾಯಿತೆಂದು. ಬೆತ್ತಲೆಯಾಗಿ ಬೀದಿಯಲ್ಲಿ ನಡೆ ಅಂದಿದ್ದರೆ ಅದು ಸುಲಭವಾಗುತ್ತಿತ್ತು ಆ ಹುಡುಗನಿಗೆ. ಹಿಂದಿನಿಂದ ಕ್ಲೈವ್ ಇಡೀ ಹಜಾರಕ್ಕೆ ಕೇಳುವ ಹಾಗೆ, "ನೋಡ್ರಪ್ಪ, ಸರದಿ ಬಂತು, ಕಾಲಿಗೆ ಬುದ್ಧಿ ಹೇಳ್ದ. ಜಿಪುಣ ಮರ್ವ್ ಮಗ ಅಲ್ವಾ" ಎಂದ. ಮೇಜುಗಳಲ್ಲಿ ಕೂತವರು ತಿರುಗಿ ನೋಡಿದರು. ಯಾರೋ ನಕ್ಕರು.

ಗ್ಲೆನ್ ಬಾಗಿಲಲ್ಲಿ ನಿಂತ. ತಿರುಗಿದ.

"ಹೌದು ಕ್ಲೈವ್" ಎಂದ. "ಮರ್ವ್ ಮಗನೇ."

ಅಷ್ಟೇ ಹೇಳಿ ಹೊರಗೆ ಹೋದ. ನಾನೂ ಹೋಗಬಹುದಿತ್ತು. ಆದರೆ ನನಗೆ ಮೂಗಿನ ತುದಿಯಲ್ಲೇ ಕೋಪ, ಸುಮ್ಮನೆ ಹೋಗುವುದಕ್ಕೆ ಆಗಲಿಲ್ಲ. ಕ್ಲೈವ್‌ನ ಮುಂದೆ ಹೋಗಿ ನಿಂತೆ. ಬಾಯಿ ತುದಿಗೆ ಎಲ್ಲ ಬಂದಿತ್ತು, ಆ ಶುಕ್ರವಾರ, ಆ ಹೊಂಡ, ಮರ್ವ್‌ನ ತೋಳು ಹಿಡಿದು ಕೂರಿಸಿದ ಆ ಕೈ. ಮಗು ಹೊಂಡಕ್ಕೆ ಬಿದ್ದದ್ದು ಅವನಿಗೆ ಇವತ್ತಿಗೂ ಗೊತ್ತಿಲ್ಲ, ಹೇಳಿದ್ದರೆ ಮುದುಕ ಅಲ್ಲೇ ಕುಸಿಯುತ್ತಿದ್ದ. ಆದರೆ ಅದು ಈ ಜನರಿಗೆ ಕೊಡುವಂಥದ್ದಲ್ಲ. ಕೊಟ್ಟರೆ ಅದನ್ನೂ ಯಾವುದಾದರೂ ಡಬ್ಬಿಯ ಮೇಲೆ ಹಾಕುತ್ತಾರೆ.

"ಮನೆ ಸೋರ್ತಾ ಇಲ್ಲ ತಾನೇ ಕ್ಲೈವ್?" ಎಂದು ಕೇಳಿದೆ.

"ಇಲ್ವಲ್ಲ. ಯಾಕೆ?"

"ಸುಮ್ನೆ ಕೇಳ್ದೆ" ಎಂದು ಬಂದುಬಿಟ್ಟೆ.

ಪಿಕಪ್ ಓಡಿಸುವುದೇನು ನನಗೆ ಹೊಸದಲ್ಲ, ಆದರೆ ಸೀಟು ಹಿಂದಕ್ಕಿತ್ತು, ಕ್ಲಚ್ಚು ಕಲ್ಲಿನಂತಿತ್ತು. ಗ್ಲೆನ್ ಕಿಟಕಿ ಇಳಿಸಿ ಮುಖಕ್ಕೆ ಗಾಳಿ ಬಿಟ್ಟುಕೊಂಡು ಕೂತಿದ್ದ. ಸೇತುವೆ ದಾಟುವಾಗ, "ಲೆಮನೇಡ್ ಬಾಟ್ಲಿ ನೆನಪಿದೆ ಅಮ್ಮ. ಎಲ್ಲಿದು ಅಂತ ಗೊತ್ತಿರಲಿಲ್ಲ" ಎಂದ.

ಆಟದ ಮೈದಾನ ತಲುಪಿದಾಗ ಬೇರೆ ಮಕ್ಕಳೆಲ್ಲ ಹೋಗಿಯಾಗಿತ್ತು. ಬಲೆಗಳನ್ನು ಬಿಚ್ಚಿ ಒಳಗಿಟ್ಟಿದ್ದರು. ಟೀಚರು ಕಾರಿನ ಪಕ್ಕದಲ್ಲಿ ಕೈಕಟ್ಟಿಕೊಂಡು ನಿಂತು, ನಮ್ಮನ್ನು ನೋಡಿದ್ದೇ ತಡ, ಹತ್ತಿ ಕೂತಳು. ಪಿಪ್ಪಾ ಮೆಟ್ಟಿಲ ಮೇಲೆ ಒಬ್ಬಳೇ ಕೂತಿದ್ದಳು. ಬ್ಯಾಗಿನಿಂದ ಸ್ವೆಟರ್ ತೆಗೆದು ಹಾಕಿಕೊಂಡು, ಮಂಡಿಯ ಮೇಲೆ ಪುಸ್ತಕ ಬಿಡಿಸಿಕೊಂಡು, ಪಕ್ಕದಲ್ಲಿ ಬಿಸ್ಕತ್ತಿನ ಡಬ್ಬಿ ತೆರೆದಿಟ್ಟುಕೊಂಡು, ಬಹಳ ಹೊತ್ತು ಕಾಯಲು ಬೇಕಾದ್ದೆಲ್ಲ ಜೋಡಿಸಿಕೊಂಡಿದ್ದಳು.

ಗ್ಲೆನ್ ಇಳಿದು ಅವಳ ಹತ್ತಿರ ಹೋದ. ಅವಳು ತಲೆಯೆತ್ತಿ ನೋಡಿದಳು. ಮುಖದಲ್ಲಿ ಸಂತೋಷವೋ ಆಶ್ಚರ್ಯವೋ.

"ಅಪ್ಪಾ, ಇಷ್ಟು ಬೇಗ ಬಂದ್ಬಿಟ್ಯಾ?" ಎಂದು ಕೇಳಿದಳು.